ನಾನೇ ಬರೆದ ಟ್ರೆಸ್‌ಪಾಸ್ ಬೋರ್ಡು

ಬೋರ್ಡು ಹೇಳಿದ ಮಾತನ್ನು ಚಾಚೂ ತಪ್ಪದೆ ಕೇಳುವ ಹೆಂಗಸು ನಾನು. ಇದೊಂದು ಬಗೆಯ ಕಾಯಿಲೆ ಅಂತ ಎಪ್ಪತ್ತು ದಾಟಿದ ಮೇಲೆ ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಆಸ್ಪತ್ರೆಯ ಗೋಡೆಯ ಮೇಲೆ ‘ಸೈಲೆನ್ಸ್ ಪ್ಲೀಸ್’ ಅಂತಿದ್ದರೆ, ಡಾಕ್ಟರು ಎಲ್ಲಿ ನೋವು ಅಂತ ಕೇಳಿದರೂ ಕೈಸನ್ನೆಯಲ್ಲೇ ತೋರಿಸಿ ಬಂದವಳು. ಬಸ್ಸಿನಲ್ಲಿ ‘ಕೈ, ತಲೆ ಹೊರಗೆ ಹಾಕಬಾರದು’ ಅಂತ ಬರೆದದ್ದನ್ನು ಓದಿ, ಕಿಟಕಿಯಾಚೆ ನಿಂತು ಕೈ ಚಾಚಿದ ತಂಗಿಗೆ ಕೈ ಕೊಡದೆ ಬರೀ ತಲೆಯಾಡಿಸಿದ್ದಕ್ಕೆ ಅವಳು ಆರು ತಿಂಗಳು ಮಾತು ಬಿಟ್ಟಿದ್ದಳು. ನಮ್ಮ ಯಜಮಾನರು ನಗುತ್ತಿದ್ದರು: “ನಿನ್ನನ್ನ ಕಾಯೋದಕ್ಕೆ ನಾಯಿ ಬೇಡ ಮಾರಾಯ್ತಿ, ಒಂದು ಚಾಕ್‌ಪೀಸ್ ಸಾಕು.”

ಕಾಯಿಲೆ ಹತ್ತಿದ್ದು ಕಾನ್ವೆಂಟಿನಲ್ಲಿ. ಚಾಪೆಲ್ಲಿನ ಮುಂದೆ ಸಿಸ್ಟರುಗಳು ಮಗುವಿನಂತೆ ಸಾಕಿದ ಹುಲ್ಲಿನ ಲಾನ್ ಇತ್ತು. ಅದರ ನಡುವೆ ಒಂದು ತಗಡಿನ ಬೋರ್ಡು, ಅದರ ಮೇಲೆ ‘ಟ್ರೆಸ್‌ಪಾಸ್’ ಮಾಡಕೂಡದು, ಅಂದರೆ ಹುಲ್ಲಿಗೆ ಕಾಲಿಡಕೂಡದು ಅಂತ. ದಿನಾ ಬೆಳಿಗ್ಗೆ ಪ್ರಾರ್ಥನೆಯಲ್ಲೂ ಅದೇ ಪದ: ನಮ್ಮ ಟ್ರೆಸ್‌ಪಾಸುಗಳನ್ನು ಕ್ಷಮಿಸಪ್ಪಾ ಅಂತ ದೇವರಲ್ಲಿ ಕೇಳಬೇಕು. ಗೋಣಿಬೀಡಿನ ಕಡೆಯ ಕಾಫಿ ತೋಟದಿಂದ ಹೋಗಿ ಹಾಸ್ಟೆಲು ಸೇರಿದ್ದ ಎಂಟು ವರ್ಷದ ನನಗೆ, ಇವರ ದೇವರಿಗೆ ಹುಲ್ಲಿನ ಮೇಲೆ ಎಷ್ಟು ಪ್ರೀತಿಯಪ್ಪಾ ಅಂತ ಆಶ್ಚರ್ಯ. ನಮ್ಮಲ್ಲಾದರೆ ಹುಲ್ಲು ದನದ್ದು, ದೇವರದ್ದಲ್ಲ. ಆದರೂ ಒಮ್ಮೆ ಚೆಂಡು ತರಲು ಲಾನಿಗೆ ಕಾಲಿಟ್ಟವಳು, ಆ ಎರಡು ಹೆಜ್ಜೆಗೆ ಒಂದು ವರ್ಷ ಕ್ಷಮೆ ಬೇಡಿದೆ.

ಒಂಬತ್ತನೇ ಕ್ಲಾಸಿನಲ್ಲಿ ಸಿಸ್ಟರ್ ಬೆನಡಿಕ್ಟಾ ಈ ಪದದ ಜಾತಕವನ್ನೇ ಬಿಡಿಸಿಟ್ಟರು. ಫ್ರೆಂಚ್ ಬಲ್ಲ ಅವರಿಗೆ ಪದಗಳ ಹುಟ್ಟೂರು ಹುಡುಕುವುದೆಂದರೆ ನಮಗೆ ನೆಲ್ಲಿಕಾಯಿ ಹುಡುಕಿದಷ್ಟು ಖುಷಿ. “ಇದು ಇಂಗ್ಲಿಷಿನ ಸ್ವಂತ ಮಗುವಲ್ಲ, ಗರ್ಲ್ಸ್. ನಾರ್ಮಂಡಿಯ ದೊರೆಗಳು ಇಂಗ್ಲೆಂಡನ್ನು ಗೆದ್ದು ಕೂತ ಮೇಲೆ ಕೋರ್ಟಿನಲ್ಲಿ ಅವರ ಫ್ರೆಂಚೇ ನಡೆಯಿತು. ಆಗ ಬಂದು ಉಳಿದ ಪದ” ಅಂದರು. ‘ಟ್ರೆಸ್’ ಅಂದರೆ ಆಚೆಗೆ, ‘ಪಾಸ್’ ಅಂದರೆ ಹಾದು ಹೋಗುವುದು. ಮೊದಮೊದಲು ಯಾವ ಮಿತಿ ಮೀರಿದರೂ ಟ್ರೆಸ್‌ಪಾಸೇ. ಒಬ್ಬರಿಗೆ ಹೊಡೆದರೂ ಅದೇ, ಒಬ್ಬರ ಹಸು ಎಳೆದುಕೊಂಡು ಹೋದರೂ ಅದೇ. ಬರಬರುತ್ತಾ ಬೋರ್ಡು ಬರೆಯುವವರು ಅದನ್ನು ಬೇಲಿಯೊಳಗೆ ಕೂಡಿಹಾಕಿದರು. ಪ್ರಾರ್ಥನೆಯಲ್ಲಿ ಮಾತ್ರ ಹಳೆಯ ಅಗಲದ ಅರ್ಥವೇ ಉಳಿಯಿತು. “ಫ್ರೆಂಚಿನಲ್ಲಿ ಈಗ ಅದಕ್ಕೆ ಸಾಯುವುದು ಅಂತ ಅರ್ಥ. ಗೆರೆ ದಾಟಿ ಆಚೆ ಹೋಗುವುದು” ಅಂತ ಹೇಳಿ ಕಿಟಕಿಯಾಚೆ ನೋಡಿದರು. ನಾವು ಹದಿನಾಲ್ಕರ ಹುಡುಗಿಯರು, ಸಾಯುವುದು ಅಂದರೆ ಯಾವುದೋ ದೂರದೂರು. ನೋಟ್ಸು ಬರೆದುಕೊಂಡು ಊಟಕ್ಕೆ ಓಡಿದೆವು.

ಆ ಪದ ಮತ್ತೆ ಎದುರಾದದ್ದು ತೊಂಬತ್ತರ ದಶಕದ ಕೊನೆಯಲ್ಲಿ. ಪಕ್ಕದ ತೋಟದ ಮಂಜಣ್ಣ ಒಂದು ದಿನ ಸಿಲ್ವರ್ ಓಕಿನ ಹಲಗೆ, ಎರಡು ಡಬ್ಬ ಪೇಂಟು ಹೊತ್ತು ಬಂದರು. ನನ್ನ ಇಂಗ್ಲಿಷಿಗೂ ಹ್ಯಾಂಡ್‌ರೈಟಿಂಗಿಗೂ ನಮ್ಮ ಕಡೆ ಸ್ವಲ್ಪ ಹೆಸರುಂಟು. ಮಕ್ಕಳ ಸ್ಕೂಲಿನ ಅರ್ಜಿಯಿಂದ ಮಿಕ್ಸಿ ಕಂಪನಿಗೆ ಬೈದು ಬರೆಯುವ ಪತ್ರದವರೆಗೆ ಎಲ್ಲ ನನ್ನ ಬಳಿಗೇ.

“ಅಕ್ಕಾ, ಗೇಟಿಗೊಂದು ಬೋರ್ಡು ಬೇಕು. ಕಿತ್ತಳೆ ಕೀಳಬೇಡಿ ಅಂತ ಇಂಗ್ಲಿಷಿನಲ್ಲಿ ಬರೆದುಕೊಡಿ.”

“ಇಲ್ಲಿ ಯಾರಿಗೆ ಬರುತ್ತೆ ಮಂಜಣ್ಣ ಇಂಗ್ಲಿಷು?”

“ಅದಕ್ಕೇ ಅಕ್ಕಾ! ಕನ್ನಡದಲ್ಲಿ ಬರೆದ್ರೆ ಓದ್ತಾರೆ, ಹೆದರೋದಿಲ್ಲ.”

ಕಿತ್ತಳೆ ಕೀಳಬೇಡಿ ಅಂತ ಬರೆಯಲು ಕಾನ್ವೆಂಟು ಓದಬೇಕೇ? ನನ್ನ ಜಂಬ ಒಪ್ಪಲಿಲ್ಲ. ಬಿಳಿ ಬಳಿದು, ಕಪ್ಪಿನಲ್ಲಿ, ಒಂದೊಂದು ಅಕ್ಷರಕ್ಕೂ ಕೊಕ್ಕರೆ ಕತ್ತಿನ ಬಾಗು ಕೊಟ್ಟು ಬರೆದೆ: ಟ್ರೆಸ್‌ಪಾಸರ್ಸ್ ವಿಲ್ ಬಿ ಪ್ರಾಸಿಕ್ಯೂಟೆಡ್. ಅತಿಕ್ರಮಿಸಿ ಒಳಗೆ ಬಂದವರ ಮೇಲೆ ಕೇಸು ಹಾಕಲಾಗುವುದು. ಅಷ್ಟಕ್ಕೂ ತೃಪ್ತಿಯಾಗದೆ ಕೆಳಗೆ ‘ವಿದೌಟ್ ಎಕ್ಸೆಪ್ಶನ್’ ಅಂತ ಸೇರಿಸಿದೆ, ಯಾರಿಗೂ ವಿನಾಯಿತಿ ಇಲ್ಲ ಅಂತ.

“ನಾನು ಹೇಳಿದ್ದೇ ತಾನೇ?” ಅಂತ ಕೇಳಿದರು ಮಂಜಣ್ಣ.

“ಅದೇ, ಸ್ವಲ್ಪ ಗತ್ತಿನಲ್ಲಿ” ಅಂದೆ.

ಆ ವರ್ಷ ಆಷಾಢದಲ್ಲಿ ನಮ್ಮ ಯಜಮಾನರು ಹೋಗಿಬಿಟ್ಟರು. ಸಿಸ್ಟರ್ ಹೇಳಿದ ಫ್ರೆಂಚ್ ಅರ್ಥ ಆಗ ನನಗೆ ತಿಳಿಯಿತು.

ಈಗ ನಮ್ಮ ಚೌಡಿಯ ವಿಷಯ ಹೇಳಬೇಕು. ಚೌಡಿ ಅಂದರೆ ತೋಟ ಕಾಯುವ ದೇವತೆ, ಮರದ ಬುಡದಲ್ಲಿ ಒಂದು ಕಲ್ಲು. ಮಾವನವರ ಕಾಲದಲ್ಲಿ ದಾಯಾದಿಗಳ ನಡುವೆ ತೋಟ ಪಾಲಾದಾಗ ಸರ್ವೆಯವರು ಎಳೆದ ಗೆರೆಯಲ್ಲಿ ಕಾಫಿ ಗಿಡ ನಮ್ಮ ಕಡೆ ಬಂತು, ಚೌಡಿ ಮಂಜಣ್ಣನ ಅಪ್ಪನ ಕಡೆ ಹೋದಳು. ಆದರೂ ಅವಳು ನಮ್ಮವಳೂ ಹೌದು. ಕಾಫಿ ಹಣ್ಣು ಕೊಯ್ಲಿನ ಮೊದಲ ದಿನ ನಾವು ಹೋಗಿ ಕಾಯಿ ಒಡೆದು, ಕೋಳಿ ಕೊಟ್ಟು ಬರುವತನಕ ನಮ್ಮ ಆಳುಗಳು ಒಂದು ಹಣ್ಣೂ ಮುಟ್ಟುವುದಿಲ್ಲ. ಯಜಮಾನರು ಪ್ರತಿವರ್ಷ ಮಂಜಣ್ಣನ ಗೇಟು ತಳ್ಳಿ, ತಮ್ಮದೇ ಅಡುಗೆಮನೆಗೆ ಹೋದಂತೆ ಹೋಗಿ ಬರುತ್ತಿದ್ದರು. ಆ ವರ್ಷ ನನ್ನ ಸರದಿ. ಮಳೆ ತಡವಾಗಿ ನಿಂತು ಹಣ್ಣೆಲ್ಲ ಒಟ್ಟಿಗೇ ಕೆಂಪಾಗಿತ್ತು, ಗಿಡದ ಬುಡಕ್ಕೆ ಉದುರುತ್ತಿತ್ತು. ಕಣದಲ್ಲಿ ಇಪ್ಪತ್ತು ಹೆಂಗಸರು ಸೊಂಟಕ್ಕೆ ಚೀಲ ಕಟ್ಟಿಕೊಂಡು ಕಾಯುತ್ತಿದ್ದರು. ಯಜಮಾನರಿಲ್ಲದ ಮೊದಲ ಕೊಯ್ಲು. ಅಮ್ಮನ ಕೈಯಲ್ಲಿ ಆಗುತ್ತದೋ ಇಲ್ಲವೋ ಅಂತ ಎಲ್ಲರ ಕಣ್ಣೂ ನನ್ನ ಮೇಲೆ.

ಹರಿವಾಣ ಹಿಡಿದು ನಾನು, ಕೋಳಿ ಹಿಡಿದು ನಮ್ಮ ಮೇಸ್ತ್ರಿ ಲೋಕಣ್ಣ ಹೊರಟೆವು. ಗೇಟಿನ ಮುಂದೆ ನನ್ನ ಕಾಲು ನಿಂತಿತು. ಎದುರಿಗೆ ನನ್ನದೇ ಅಕ್ಷರ. ವಿದೌಟ್ ಎಕ್ಸೆಪ್ಶನ್.

“ಯಾಕಮ್ಮಾ ನಿಂತ್ರಿ?”

“ಒಳಗೆ ಹೋಗಬಾರದು ಅಂತ ಬರೆದಿದೆ ಲೋಕಣ್ಣ.”

“ಯಾರು ಬರೆದದ್ದು?”

“ನಾನೇ.”

ಲೋಕಣ್ಣ ಬೋರ್ಡು ನೋಡಿದ, ನನ್ನ ನೋಡಿದ. “ನಾನು ದಿನಾ ಇದೇ ದಾರೀಲಿ ಬಸ್ಸಿಗೆ ಹೋಗ್ತೀನಿ. ಊರೆಲ್ಲ ಹೋಗ್ತದೆ. ನನಗೇನೂ ಆಗಿಲ್ಲ” ಅಂದ, ಲಸಿಕೆ ಹಾಕಿಸಿಕೊಂಡವನ ಧೈರ್ಯದಲ್ಲಿ.

“ನಿನಗೆ ಓದಲು ಬರೋದಿಲ್ಲ, ಅದು ಬೇರೆ” ಅಂದೆ. ಇಡೀ ಸೀಮೆಯಲ್ಲಿ ಆ ಬೋರ್ಡು ತಡೆಯಬಹುದಾದ ಪ್ರಾಣಿ ನಾನೊಬ್ಬಳೇ ಅಂತ ಹೊಳೆದದ್ದು ಆಗ. ಹಾಗೆಂದು ಕಾಲು ಏಳಬೇಕಲ್ಲ. ಹಿಂದೆ ಹಣ್ಣು ಉದುರುತ್ತಿದೆ, ಮುಂದೆ ಚೌಡಿ ಕಾಯುತ್ತಿದ್ದಾಳೆ, ನಡುವೆ ನಲವತ್ತೈದರ ನಾನು ಸಿಸ್ಟರ್ ನೋಡುತ್ತಿದ್ದಾರೆ ಎಂಬಂತೆ ನಿಂತಿದ್ದೇನೆ. ಯಜಮಾನರಿದ್ದಿದ್ದರೆ ಕೈಹಿಡಿದು ಎಳೆದುಕೊಂಡು ಹೋಗುತ್ತಿದ್ದರು. ಅಷ್ಟರಲ್ಲಿ ಲೋಕಣ್ಣನ ಕೈ ಸಡಿಲವಾಗಿ ಕೋಳಿ ಹಾರಿತು. ಗೇಟಿನ ಸಂದಿಯಲ್ಲಿ ನುಗ್ಗಿ, ಬೋರ್ಡಿನ ಕೆಳಗೇ ಹಾದು, ಮಂಜಣ್ಣನ ತೋಟದೊಳಗೆ ಮಾಯ.

ಐದು ನಿಮಿಷಕ್ಕೆ ಕೋಳಿಯನ್ನು ಕಂಕುಳಲ್ಲಿ ಹಿಡಿದು ಮಂಜಣ್ಣನೇ ಬಂದರು. “ಏನಕ್ಕಾ, ಚೌಡಿ ಹತ್ರ ಬೆಳಿಗ್ಗೆಯಿಂದ ಕಸ ಗುಡಿಸಿಟ್ಟು ಕಾಯ್ತಿದ್ದೀನಿ. ಕೋಳಿ ಒಂದೇ ಬಂತು, ನೀವು ಇಲ್ಲೇ ನಿಂತಿದ್ದೀರಲ್ಲ!”

ಬೋರ್ಡು ತೋರಿಸಿದೆ. ಅರ್ಥ ಹೇಳಿದೆ. ಮಂಜಣ್ಣನ ಬಾಯಿ ತೆರೆದುಕೊಂಡಿತು.

“ಅಯ್ಯೋ ದೇವರೇ! ನಾನು ಹೇಳಿದ್ದು ಕಿತ್ತಳೆ ಮುಟ್ಟಬೇಡಿ ಅಂತ. ಜನ ಬರಬೇಡಿ ಅಂತ ಯಾರು ಹೇಳಿದ್ದು? ಜನ ಬರದಿದ್ರೆ ಊರ ಸುದ್ದಿ ನನಗೆ ಹೇಳೋರ್ಯಾರು? ಇಷ್ಟು ತಿಂಗಳಿಂದ ಪೊಲೀಸಿನವರ ಹಾಗೆ ನಿಲ್ಲಿಸಿಬಿಟ್ಟಿದ್ದೀರಲ್ಲ ನನ್ನನ್ನ! ಬನ್ನಿ ಒಳಗೆ. ಅಣ್ಣ ಇಲ್ಲ ಅಂತ ನೀವು ಬರದೇ ಇದ್ರೆ ಚೌಡಿ ನಿಮ್ಮನ್ನಲ್ಲ, ನನ್ನನ್ನ ಕೇಳ್ತಾಳೆ.”

ಅಬ್ಬಾ! ಹರಿವಾಣ ಹಿಡಿದು ಅವರ ಹಿಂದೆಯೇ ಗೇಟು ದಾಟಿದೆ. ಪೂಜೆ ಆಯಿತು. ಕಾಯಿ ಎರಡೂ ಹೋಳು ಸಮನಾಗಿ ಒಡೆಯಿತು. ಹತ್ತು ಗಂಟೆಗೆ ಇಪ್ಪತ್ತು ಹೆಂಗಸರೂ ಗಿಡದ ನಡುವೆ ಇದ್ದರು. ಕೋಳಿ ಮಾತ್ರ ಆ ಪದದ ಇಂಗ್ಲಿಷ್ ಅರ್ಥವನ್ನೂ ಫ್ರೆಂಚ್ ಅರ್ಥವನ್ನೂ ಒಂದೇ ಬೆಳಿಗ್ಗೆ ಪೂರೈಸಿತು. ವಕೀಲನಾಗಿರುವ ನನ್ನ ತಮ್ಮನಿಗೆ ಹೇಳಿದರೆ ಅವನದ್ದು ಬೇರೆಯೇ ನಗೆ: “ಸುಮ್ಮನೆ ಕಾಲಿಟ್ಟರೆ ಕ್ರೈಮ್ ಆಗೋದಿಲ್ಲ ಅಕ್ಕಾ. ಕೆಟ್ಟ ಉದ್ದೇಶ ಇರಬೇಕು. ನಿನಗೆ ಅಷ್ಟು ತಾಕತ್ತೆಲ್ಲಿದೆ?”

ಮಂಜಣ್ಣ ಕನ್ನಡದಲ್ಲಿ ಹೊಸ ಬೋರ್ಡು ಬರೆಸಿಕೊಂಡರು: ಕಿತ್ತಳೆ ಕೀಳಬೇಡಿ. ಒಳಗೆ ಕಿತ್ತಳೆ ಇದೆಯೆಂದು ಗೊತ್ತಿಲ್ಲದಿದ್ದವರಿಗೂ ಗೊತ್ತಾಗಿ, ಆ ವರ್ಷ ಸಿಪ್ಪೆಯೂ ಉಳಿಯಲಿಲ್ಲ.

ಹಳೆಯ ಹಲಗೆಯನ್ನು ಲೋಕಣ್ಣ ಕೇಳಿ ತಂದು ನಮ್ಮ ತೋಟದ ಕಾಲುವೆಗೆ ಸಂಕವಾಗಿ ಹಾಕಿದ, ಅಕ್ಷರ ಮೇಲೆ ಮಾಡಿ. ವರ್ಷಗಳಾದವು. ಆಳುಗಳು, ಮಕ್ಕಳು, ದನ, ನಾಯಿ, ಎಲ್ಲ ಅದರ ಮೇಲೆಯೇ ದಾಟುತ್ತವೆ. ಅಕ್ಷರ ತುಳಿಯಬಾರದೆಂದು ಬೆಳೆದ ನಾನೊಬ್ಬಳೇ, ಸೀರೆ ಎತ್ತಿ ಹಿಡಿದು ಪಕ್ಕದಲ್ಲಿ ನೀರಿಗಿಳಿದು ದಾಟುತ್ತೇನೆ. “ತಿರುಗಿಸಿ ಹಾಕಲಾ ಅಮ್ಮಾ?” ಅಂತ ಲೋಕಣ್ಣ ಪ್ರತಿ ಮಳೆಗಾಲವೂ ಕೇಳುತ್ತಾನೆ. ಬೇಡ ಅನ್ನುತ್ತೇನೆ. ಅಷ್ಟು ಚೆಂದದ ಹ್ಯಾಂಡ್‌ರೈಟಿಂಗು, ಕೆಸರಿಗೆ ಮುಖ ಮಾಡಿ ಮಲಗುವುದೇ?