ಮಾವನ ಸಿಂಫನಿ, ಅತ್ತೆಯ ಕೈ

ನಮ್ಮ ಸೋದರಮಾವನನ್ನು ಹುಚ್ಚ ಎಂದು ನಾನು ಹೇಳುವುದಿಲ್ಲ. ಆದರೆ ಕೊಬ್ಬರಿ ಅಟ್ಟದ ಅರ್ಧ ಭಾಗವನ್ನು, ಯಾವತ್ತೋ ಸತ್ತುಹೋದ ಜರ್ಮನ್ ಸಂಗೀತಗಾರನೊಬ್ಬನಿಗೆ ಬಿಟ್ಟುಕೊಟ್ಟವರು ತಿಪಟೂರು ಸೀಮೆಯಲ್ಲಿ ಇನ್ನೊಬ್ಬರಿದ್ದರೆ ದಯವಿಟ್ಟು ತೋರಿಸಿ!

ಶುರುವಾದದ್ದು ಗುಜರಿ ಅಂಗಡಿಯಲ್ಲಿ. ಕೀಲಿ ಕೊಡುವ ಗ್ರಾಮಾಫೋನು, ಜೊತೆಗೆ ಆ ಪುಣ್ಯಾತ್ಮನ ಸಿಂಫನಿಯ ಹಳೇ ಪ್ಲೇಟುಗಳ ಪೆಟ್ಟಿಗೆ. ಅಂದಿನಿಂದ ಮಾವ ಕಂಡಕಂಡವರಿಗೆಲ್ಲ ಹೇಳುತ್ತಿದ್ದುದು ಒಂದೇ: ಆ ಸಂಗೀತವನ್ನು ಮೊದಮೊದಲು ಹೇಗೆ ರೆಕಾರ್ಡ್ ಮಾಡಿದರು ಎಂಬುದು.

"ಆಗ ಮೈಕ್ ಎಲ್ಲಿತ್ತು ಕಣ್ಲಾ? ದನಿ ಹಿಡಿಯೋಕೆ ಗೋಡೇಲಿ ಒಂದೇ ಕೊಳವೆ. ಅಷ್ಟೂ ಜನ ವಾದ್ಯದೋರು ಅದರ ಬಾಯಿಗೇ ನುಗ್ಗಬೇಕು. ಕಿಬ್ಬನಹಳ್ಳಿ ಕ್ರಾಸಲ್ಲಿ ಬಸ್ ಹತ್ತಲ್ವಾ, ಹಂಗೆ! ದಪ್ಪ ಪಿಟೀಲಿನ ದನಿ ಕೊಳವೆಗೆ ಹಿಡೀತಿರಲಿಲ್ಲ, ಅದರ ಜಾಗಕ್ಕೆ ಹಿತ್ತಾಳೆ ಕಹಳೆ ಕೂರಿಸೋರು."

ಕೇಳುತ್ತಿದ್ದ ಕೊಬ್ಬರಿ ವ್ಯಾಪಾರಿಯೊಬ್ಬರು ಗಂಭೀರವಾಗಿ, "ಹಂಗಾದ್ರೆ ಕಲಬೆರಕೆ ಮಾಲು ಅನ್ನಿ!" ಎಂದರು. ಆ ವರ್ಷ ಮಾವನ ಕೊಬ್ಬರಿ ಅವರ ಮಂಡಿಯ ಬಾಗಿಲು ನೋಡಲಿಲ್ಲ.

ಪ್ಲೇಟಿನ ಒಂದು ಮಗ್ಗುಲು ನಾಲ್ಕೇ ನಿಮಿಷಕ್ಕೆ ಮುಗಿಯುತ್ತದೆ. ಸಿಂಫನಿಯೋ ಅರ್ಧ ಗಂಟೆಯದು; ಮುಗಿಯಬೇಕಾದರೆ ಪ್ಲೇಟು ತಿರುಗಿಸುತ್ತಲೇ ಇರಬೇಕಲ್ಲ! ಮಾವನ ಬೆರಳಿಗೆ ಸದಾ ಕೊಬ್ಬರಿ ಜಿಡ್ಡು. ಆದ್ದರಿಂದ ಪ್ಲೇಟು ಮುಟ್ಟುವ ಅಧಿಕಾರ ಅತ್ತೆಗೆ ಮಾತ್ರ. "ಲೇ ಇವಳೇ, ತಿರುಗ್ಸೇ!" ಎಂದು ಕೂಗಿದೊಡನೆ ಅತ್ತೆ ಸೊಪ್ಪು ಸೋಸುವುದು ಬಿಟ್ಟು, ಕೈ ಒರೆಸಿಕೊಂಡು ಬರುತ್ತಿದ್ದರು. ಬಂದವರು ಸುಮ್ಮನೆ ತಿರುಗಿಸುತ್ತಿದ್ದರೇ?

"ಒಂದು ಹಾಡಿಗೆ ಇಷ್ಟು ತಟ್ಟೆ ಬೇಕೇನ್ರೀ? ನಮ್ಮ ಮದುವೇಲಿ ಇಷ್ಟು ಎಲೆ ಹಾಕಿರಲಿಲ್ಲ!"

"ನಿಮ್ಮಪ್ಪ ಜಿಪುಣ, ಅದಕ್ಕೇ ಹಾಕ್ಲಿಲ್ಲ. ತಿರುಗ್ಸು, ತಿರುಗ್ಸು."

ಹೋದ ವರ್ಷ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿದ್ದುಹೋಯಿತು, ಮಾತು ನಿಂತಿತು. ಮಾವ ಗ್ರಾಮಾಫೋನಿನ ಮೇಲೆ ಹಳೇ ಪಂಚೆ ಹೊದಿಸಿದರು. ನಾನು ಕೀಲಿ ಕೊಡಲು ಹೋದರೆ, "ಬುಡು" ಎಂದರು. ಬಸ್ಸು, ಕೊಳವೆ, ಕಹಳೆ ಯಾವುದರ ಸುದ್ದಿಯೂ ಇಲ್ಲ. ಈಗ ಊರಿಗೇ ಅವರ ಹುಚ್ಚು ಬೇಕೆನಿಸಿತು!

ಮೊನ್ನೆ ನಾನೇ ಒಂದು ಉಪಾಯ ಮಾಡಿದೆ. ಅದೇ ಹಳೆಯ ರೆಕಾರ್ಡಿಂಗನ್ನು ಯಾರೋ ಮಗ್ಗುಲಿಗೆ ಮಗ್ಗುಲು ಜೋಡಿಸಿ ಇಂಟರ್ನೆಟ್ಟಿನಲ್ಲಿ ಇಟ್ಟಿದ್ದರು. ಮೊಬೈಲಿಗೆ ಇಳಿಸಿಕೊಂಡು ಹೋದೆ. "ಮಾವ, ಇದು ಮಧ್ಯೆ ಎಲ್ಲೂ ನಿಲ್ಲಲ್ಲ" ಎಂದು ಹೆಮ್ಮೆಯಿಂದ ಹೇಳಿ, ಅತ್ತೆಯ ಮಂಚದ ಪಕ್ಕ ಕುಳಿತು ಹಾಕಿದೆ. ಮಾವ ಕಣ್ಣು ಮುಚ್ಚಿ ಕೇಳಿದರು. ಸರಿಯಾಗಿ ಒಂದು ಮಗ್ಗುಲು ಮುಗಿಯುವ ಹೊತ್ತಿಗೆ ಕೈ ಎತ್ತಿದರು.

"ನಿಲ್ಸು ಕಣ್ಲಾ."

ನಿಲ್ಲಿಸಿದೆ. ಏನು ತಪ್ಪಾಯಿತೋ ತಿಳಿಯಲಿಲ್ಲ. ಮಾವ ಮಂಚದ ಕಡೆ ತಿರುಗಿ, ಮೆಲ್ಲಗೆ, "ಲೇ ಇವಳೇ, ತಿರುಗ್ಸೇ" ಎಂದರು.

ಮುಂದಿನದನ್ನು ಕಂಡ ಹಾಗೇ ಬರೆಯುತ್ತಿದ್ದೇನೆ. ಅತ್ತೆಯ ಎಡಗೈ ಹೊದಿಕೆಯಿಂದ ಹೊರಬಂತು. ನಿಧಾನವಾಗಿ ಮೇಲೆದ್ದಿತು. ಗಾಳಿಯಲ್ಲಿ ಅಂಗೈ ಒಮ್ಮೆ ಮಗುಚಿತು.

"ಹ್ಞೂಂ, ಈಗ ಹಾಕಪ್ಪ" ಎಂದರು ಮಾವ.