ಮೂರು ಕಿವಿಯ ಕತ್ತೆ ಮತ್ತು ನಂಜಯ್ಯನ ಪಾವು

ಸೇಲಂನ ಆ ನೇಕಾರರ ಬೀದಿಯಲ್ಲಿ ಕನ್ನಡ ಮಾತಾಡುವ ಮನೆಗಳು ಎಪ್ಪತ್ತು, ಕನ್ನಡ ಓದಬಲ್ಲವನು ನಂಜಯ್ಯ ಒಬ್ಬನೇ. ಅದೂ ಅವನು ಬೇಕೆಂದು ಕಲಿತದ್ದಲ್ಲ. ಚಿಕ್ಕಂದಿನಲ್ಲಿ ಅಪ್ಪನ ಜತೆ ಜಗಳವಾಡಿ ಕೊಳ್ಳೇಗಾಲದ ಸೋದರತ್ತೆಯ ಮನೆಗೆ ಓಡಿಹೋಗಿದ್ದ. ಸುಮ್ಮನೆ ಕೂತವನಿಗೆ ಅನ್ನ ಹಾಕಲು ಮನಸ್ಸಾಗದೆ ಅವಳು ಶಾಲೆಗೆ ತಳ್ಳಿದ್ದಳು. ಮೂರು ವರ್ಷ ಕಳೆದು ಅಕ್ಷರದ ಜತೆ ಮನೆಗೆ ವಾಪಸಾದ. ಆ ಅಕ್ಷರ ಮುಂದಿನ ಮೂವತ್ತು ವರ್ಷ ಯಾವ ಉಪಯೋಗಕ್ಕೂ ಬರಲಿಲ್ಲ. ಆಮೇಲೆ ಬಂದದ್ದು ಉಪದ್ರವಕ್ಕೆ.

ಉಪದ್ರವದ ಹೆಸರು ‘ಏಳು ಬಾವಿಯ ರಾಜ್ಯ’. ಬೆಂಗಳೂರಿನಿಂದ ತಿಂಗಳಿಗೊಂದರಂತೆ ಹೊರಡುವ ಮಕ್ಕಳ ಪುಸ್ತಕಮಾಲೆ. ಅದರಲ್ಲಿ ಹಟಮಾರಿ ರಾಜಕುಮಾರಿ ಇದ್ದಾಳೆ, ನೀರಿಗೆ ಮಂತ್ರ ಹಾಕುವ ಮಂತ್ರವಾದಿ ಇದ್ದಾನೆ, ಎಲ್ಲಕ್ಕಿಂತ ಮೇಲಾಗಿ ಮೂರ್ಕಿವಿ ಎಂಬ ಕತ್ತೆ ಇದೆ. ಅದಕ್ಕೆ ಮೂರು ಕಿವಿ. ಯಾರಾದರೂ ಸುಳ್ಳು ಹೇಳಿದರೆ ಮೂರನೆಯದು ತಾನಾಗಿ ಮಡಿಸಿಕೊಳ್ಳುತ್ತದೆ. ಬೆಂಗಳೂರು ಬಸ್ಸಿನ ಕಂಡಕ್ಟರ್ ಅಣ್ಣಾಮಲೈ, ಯಾರೋ ಸೀಟಿನಲ್ಲಿ ಬಿಟ್ಟುಹೋಗಿದ್ದ ಮೊದಲ ಪುಸ್ತಕವನ್ನು 1993ರಲ್ಲಿ ತಂದು ನಂಜಯ್ಯನ ಕೈಗಿಟ್ಟ. ನಂಜಯ್ಯ ಅದನ್ನು ಬೇಸರ ಕಳೆಯಲೆಂದು ಬೀದಿಯವರ ಮುಂದೆ ಗಟ್ಟಿಯಾಗಿ ಓದಿದ. ಅವತ್ತೇ ಬೀದಿ ಕೆಟ್ಟಿತು.

ಮಕ್ಕಳ ಪುಸ್ತಕವೇ ಆದರೂ ಮಕ್ಕಳು ಹತ್ತಿರ ಸುಳಿಯುತ್ತಿರಲಿಲ್ಲ. ಅವರಿಗೆ ತಮಿಳಿತ್ತು, ಟಿವಿ ಇತ್ತು. ಕೇಳುತ್ತಿದ್ದವರೆಲ್ಲ ನಲವತ್ತು ದಾಟಿದವರು. ಒಂದು ಪುಸ್ತಕ ಕೇಳಿದರೆ ಮುಂದಿನದು ಬರುವವರೆಗೆ ಅದನ್ನೇ ಎಳೆ ಎಳೆಯಾಗಿ ಬಿಚ್ಚುತ್ತಿದ್ದರು. ಮಂತ್ರವಾದಿಗೆ ಹೆಂಡತಿ ಏಕಿಲ್ಲ, ಐದನೇ ಬಾವಿಯ ನೀರು ಉಪ್ಪಾದದ್ದು ಶಾಪದಿಂದಲೋ ಭೂಮಿಯ ಗುಣದಿಂದಲೋ, ಕತ್ತೆಯ ಮೂರನೇ ಕಿವಿ ಎಡಕ್ಕೋ ಬಲಕ್ಕೋ ಎಂದು ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಆ ಮನೆಯಿಂದ ಈ ಮನೆಗೆ ಕೂಗಾಡುತ್ತಿದ್ದರು. ಹೋದ ವರ್ಷ ಕತೆಯ ಮುದಿ ಮಂತ್ರಿ ಸತ್ತಾಗಲಂತೂ, ಇಷ್ಟು ದಿನ ನಮ್ಮ ಬೀದಿಯಲ್ಲೇ ಇದ್ದವನಲ್ಲವೇ ಎಂದು ಹಿರಿಯಳಾದ ಸೊಣ್ಣಮ್ಮ ಬೀದಿಗೆಲ್ಲ ಸೂತಕ ಸಾರಿಬಿಟ್ಟಳು. ಒಂದು ದಿನ ಮಗ್ಗ ನಿಂತಿತು, ಗಂಡಸರು ಕೊಳಾಯಿಯಲ್ಲಿ ತಲೆಗೆ ನೀರು ಹಾಕಿಕೊಂಡರು. ಮಂತ್ರಿ ಸತ್ತರೆಂದು ಕೇಳಿದ ಪಕ್ಕದ ಬೀದಿಯ ತಮಿಳರು ಯಾವ ಮಂತ್ರಿ ಎಂದು ತಿಳಿಯದೆ ಸಂಜೆಯವರೆಗೆ ರೇಡಿಯೋ ಹಾಕಿಕೊಂಡು ಕೂತಿದ್ದರು.

ಈಗ ಮೂರ್ಕಿವಿಯ ಸರದಿ. ಹೋದ ತಿಂಗಳ ಪುಸ್ತಕ ಮುಗಿದದ್ದು ಮಂತ್ರವಾದಿ ಆ ಕತ್ತೆಯನ್ನು ಸುಳಿಬಾವಿಗೆ ನೂಕಿದಲ್ಲಿ. ಅದು ಬದುಕಿತೆಂಬ ಸುದ್ದಿ ಬರುವವರೆಗೆ ಕಾಫಿ ಮುಟ್ಟುವುದಿಲ್ಲವೆಂದು ಸೊಣ್ಣಮ್ಮ ಚೌಡಮ್ಮನಿಗೆ ಹರಕೆ ಹೊತ್ತಳು. ಕಾಫಿ ಬಿಟ್ಟ ಸೊಣ್ಣಮ್ಮನ ಬಾಯಿಗೆ ಒಂದು ತಿಂಗಳು ಬೀದಿಯ ನಾಯಿಗಳೂ ಹೆದರಿಕೊಂಡು ಓಡಾಡಿದವು.

ಇಂಥ ತಿಂಗಳಲ್ಲೇ ನಂಜಯ್ಯ ಪಾವು ಹಾಕಬೇಕಾಗಿ ಬಂತು. ಸೀರೆಯ ಉದ್ದಕ್ಕೂ ಓಡುವ ಹಾಸು ನೂಲಿಗೆ ಆ ಕಡೆ ಪಾವು ಅನ್ನುತ್ತಾರೆ. ಬೆಳಗಿನ ಜಾವ ಅದನ್ನು ಬೀದಿಯುದ್ದಕ್ಕೂ ಬಿಗಿದು ಕಟ್ಟಿ, ಗಂಜಿ ಹಾಕಿ, ಎರಡೂ ಕಡೆ ಜನ ನಿಂತು ಒಣಗುವವರೆಗೆ ಕುಂಚ ಎಳೆಯಬೇಕು. ಇದು ಒಬ್ಬರ ಕೈಲಾಗುವ ಕೆಲಸವಲ್ಲ. ಇವತ್ತು ನಿನ್ನ ಪಾವಿಗೆ ನಾನು, ನಾಳೆ ನನ್ನದಕ್ಕೆ ನೀನು ಎಂದು ಬೀದಿಗೆ ಬೀದಿಯೇ ಸೇರುತ್ತದೆ. ಬಿಸಿಲೇರುವ ಮುಂಚೆ ಮುಗಿಯದಿದ್ದರೆ ಎಳೆಗೆ ಎಳೆ ಅಂಟಿ ಪಾವು ಹಪ್ಪಳವಾಗುತ್ತದೆ. ಈ ವರ್ಷ ನಂಜಯ್ಯನ ಎರಡು ಪಾವು ಮಳೆಗೆ ಸಿಕ್ಕಿ ಆಗಲೇ ಹಾಳಾಗಿದ್ದವು. ಮೂರನೆಯದೂ ಕೆಟ್ಟರೆ ಇನ್ನು ನಿನ್ನ ಮಗ್ಗಕ್ಕೆ ನೂಲು ಕೊಡುವುದಿಲ್ಲವೆಂದು ನೇಕಾರರ ಸಂಘದವರು ಖಡಾಖಂಡಿತವಾಗಿ ಹೇಳಿ ಕಳಿಸಿದ್ದರು.

ಅವತ್ತು ಬೆಳಗಾಗುವ ಹೊತ್ತಿಗೆ ಬೀದಿಯಲ್ಲಿ ಪಾವು ಬಿಗಿದು ನಿಂತಿತ್ತು. ಬೀದಿಯ ಪಾವುಗಳಿಗೆಲ್ಲ ಗಂಜಿ ಕಾಯಿಸುವ ಸೊಣ್ಣಮ್ಮ ಹದ ನೋಡಿ ಸರಿ ಎಂದಳು, ಗಂಜಿ ಹಾಕಿದ್ದೂ ಆಯಿತು. ಅಷ್ಟರಲ್ಲಿ ಅಣ್ಣಾಮಲೈ ಪ್ರತಿ ತಿಂಗಳಿನಂತೆ ಬಂದು ಹೊಸ ಪುಸ್ತಕ ಕೊಟ್ಟು ಹೋದ. ಓದುವ ಮೊದಲು ಕಷ್ಟದ ಪದಗಳನ್ನು ನೋಡಿಕೊಳ್ಳುವ ಅಭ್ಯಾಸವಿದ್ದ ನಂಜಯ್ಯ ನಡುಮನೆಗೆ ಹೋಗಿ ಪುಟ ತಿರುಗಿಸಿದ. ‘ಸುಳಿ ಮುಚ್ಚಿಕೊಂಡಿತು. ಮೂರನೆಯ ಕಿವಿ ಒಂದು ಗಳಿಗೆ ನೀರಿನ ಮೇಲೆ ನಿಂತಿತ್ತು. ಆಮೇಲೆ ಅದೂ ಇಳಿಯಿತು.’ ನಂಜಯ್ಯ ಟವೆಲಿನಿಂದ ಕಣ್ಣೊರೆಸಿಕೊಂಡ. ಎರಡು ವರ್ಷ ಬಾಯಾರೆ ಓದಿದ ಕತ್ತೆ, ಅವನಿಗೂ ಸಂಕಟವಾಯಿತು. ಕಣ್ಣೊರೆಸಿ ನೋಡಿದರೆ ಬಾಗಿಲಾಚೆ ತನ್ನದೇ ಪಾವು ಗಂಜಿಯಲ್ಲಿ ತೊಯ್ದು ನಿಂತಿದೆ. ಬೆರಳು ಮಡಿಸಿ ಲೆಕ್ಕ ಹಾಕಿದ. ಮಂತ್ರಿಗೆ ಒಂದು ದಿನ ಸೂತಕವಾದರೆ ಮೂರ್ಕಿವಿಗೆ ಮೂರು ದಿನಕ್ಕೆ ಕಡಿಮೆಯಿಲ್ಲ.

ಒಲೆಯ ಮುಂದಿದ್ದ ಹೆಂಡತಿ ಲಕ್ಷ್ಮಮ್ಮನಿಗೆ ಪಿಸುಮಾತಿನಲ್ಲಿ ವಿಷಯ ತಿಳಿಸಿದ.

“ಗಂಜಿ ಆಕಾಗೈತೆ,” ಎಂದಳು ಅವಳು. “ಈಗ ಕತ್ತೆ ಸತ್ರೆ ನಾವೂ ಸತ್ತಂಗೇ. ಬದುಕ್ಸಿಬುಡಿ.”

“ಎಂಗೆ ಬದುಕ್ಸಲಿ?”

“ನನ್ಗೇನು ಗೊತ್ತು. ಓದ್ದೋರು ನೀವು.”

ನಂಜಯ್ಯ ಜಗಲಿಯಲ್ಲಿ ಕೂತ. ಕುಂಚಗಳು ಓಡತೊಡಗಿದವು. ಪುಸ್ತಕ ಬಿಚ್ಚಿ ಇಲ್ಲದ್ದನ್ನು ಓದುವುದು ಎಷ್ಟು ಕಷ್ಟವೆಂದು ಅವನಿಗೆ ಮೊದಲ ಸಲ ತಿಳಿಯಿತು. ಸುಳಿ ತಿರುಗಿಸಿದ, ರಾಜಕುಮಾರಿಯನ್ನು ಬಾವಿಕಟ್ಟೆಗೆ ತಂದು ನಿಲ್ಲಿಸಿದ, ಅಲ್ಲಿಗೆ ಬುದ್ಧಿ ಬರಿದಾಯಿತು. ತಲೆ ಎತ್ತಿದರೆ ಕಣ್ಣಿಗೆ ಬಿದ್ದದ್ದು ಪಾವು. ಅದನ್ನೇ ಹೇಳಿಬಿಟ್ಟ. ರಾಜಕುಮಾರಿ ಅರಮನೆಯ ಮಗ್ಗದ ಪಾವನ್ನು ಬಿಚ್ಚಿ ಬಾವಿಗೆ ಇಳಿಬಿಟ್ಟಳು, ಮೂರ್ಕಿವಿ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮೇಲೆ ಬಂತು.

ಲಕ್ಷ್ಮಮ್ಮ ಓಡಿಬಂದು ಸೊಣ್ಣಮ್ಮನ ಕೈಗೆ ಕಾಫಿ ಲೋಟ ಕೊಟ್ಟಳು. ಆದರೆ ಯಾರ ಮುಖದಲ್ಲೂ ಗೆಲುವು ಕಾಣಲಿಲ್ಲ. ದೇವತೆ ಬಂದಳೆಂದಿದ್ದರೆ ನಂಬುತ್ತಿದ್ದರು, ಭೂತ ಬಂತೆಂದರೂ ನಂಬುತ್ತಿದ್ದರು. ನೇಕಾರರ ಬೀದಿಯಲ್ಲಿ ಕೂತು ನೂಲಿನ ಮೇಲೆ ಸುಳ್ಳು ಹೇಳಿದ್ದು ಅವನ ಕರ್ಮ. ಎದುರು ಮನೆಯ ಚಿನ್ನಪ್ಪ ಕುಂಚ ನಿಲ್ಲಿಸಿದ. ಕತೆಯ ವಿಚಾರಣೆಯಲ್ಲಿ ಬೀದಿಗೆ ಅವನೇ ಜಡ್ಜು, ಅವನೇ ವಕೀಲ.

“ಎಷ್ಟನೇ ನಂಬರ್ ನೂಲು ಅಂತ ಆಕವ್ರೆ?”

“ಅದು ಬರ್ದಿಲ್ಲ.”

“ಬರೀದೆ ಎಂಗಿರ್ತಾರೆ ನಂಜಯ್ಯ. ಎಂಬತ್ತಾ, ನೂರಾ?”

ನಂಬರ್ ಏರಿದಷ್ಟೂ ನೂಲು ತೆಳು. ಅರಮನೆಯಲ್ಲವೇ, ನಯವಾಗಿರಲಿ ಎಂದು ನಂಜಯ್ಯ ನೂರು ಎಂದ. ನೂರನೇ ನಂಬರಿನ ನೂಲು ಕತ್ತೆಯ ತೂಕ ತಡೆಯುವುದೇ ಎಂದು ಬೀದಿ ಆ ಕ್ಷಣವೇ ಎರಡಾಯಿತು. ಪಾವಿನ ಬಲಗಡೆ ನಿಂತವರು ತಡೆಯುತ್ತದೆಂದರು, ಎಡಗಡೆಯವರು ಸಾಧ್ಯವೇ ಇಲ್ಲವೆಂದರು. ಎಳೆಗಳ ಲೆಕ್ಕ ಹಿಡಿಯಬೇಕೆಂದು ಒಬ್ಬ, ನೆನೆದ ನೂಲಿಗೆ ಬಲ ಜಾಸ್ತಿ ಎಂದು ಇನ್ನೊಬ್ಬ. ನಡುವೆ ಸೊಣ್ಣಮ್ಮ ಆ ಪಾವಿಗೆ ಗಂಜಿ ಹಾಕಿದವರು ಯಾರೆಂದು ಕೇಳಿದಳು. ಅವಳನ್ನು ಒಲಿಸಿಕೊಳ್ಳಲು ನಂಜಯ್ಯ ಒಬ್ಬ ಮುದುಕಿ ಎಂದ. ಅವಳ ಹೆಸರೇನು ಎಂದಳು. ಬರೆದಿಲ್ಲವೆಂದ.

“ಗಂಜಿ ಆಕ್ದೋಳ ಎಸ್ರು ಯಾವನೂ ಬರ್ಯಲ್ಲ,” ಎಂದು ಸೊಣ್ಣಮ್ಮ ಕುಡಿಯದ ಕಾಫಿಯನ್ನು ಜಗಲಿಯ ಮೇಲಿಟ್ಟಳು. ಮುಚ್ಚಿದ್ದ ಯಾವುದೋ ಹಳೆಯ ನೋವು ಆ ಮಾತಿನಲ್ಲಿತ್ತು.

ಬಿಸಿಲು ಚಿನ್ನಪ್ಪನ ಮನೆಯ ಹೆಂಚಿನವರೆಗೆ ಬಂದಿತ್ತು. ದಯವಿಟ್ಟು ಕುಂಚ ಎಳೆಯಿರಿ, ವಿಚಾರ ಆಮೇಲೆ ಮಾಡೋಣ ಎಂದು ನಂಜಯ್ಯ ಬೇಡಿಕೊಂಡ. ಚಿನ್ನಪ್ಪ ಅದಕ್ಕೆ ಒಪ್ಪಲಿಲ್ಲ, ಅನುಮಾನ ಇಟ್ಟುಕೊಂಡು ಕುಂಚ ಎಳೆದರೆ ಕೈ ನಡುಗುತ್ತದೆ ಎಂದ. ಪರೀಕ್ಷೆ ಮಾಡಿಬಿಟ್ಟರೆ ಆಯಿತಲ್ಲ ಎಂದೂ ಹೇಳಿದ.

“ಈಗ ನಾನೇ ಮೂರ್ಕಿವಿ ಅಂತ ಇಟ್ಕೊಳ್ಳಿ,” ಎಂದ. ಇದಕ್ಕೆ ಯಾರ ಆಕ್ಷೇಪಣೆಯೂ ಇರಲಿಲ್ಲ.

ಚಿನ್ನಪ್ಪ ದಪ್ಪ ಮೈಯ ಆಳು. ನಂಜಯ್ಯ ಜಗಲಿಯಿಂದ ಹಾರಿ ಬರುವಷ್ಟರಲ್ಲಿ ಅವನು ಪಾವಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಬಾವಿಯಲ್ಲಿರುವವನಂತೆ ಕಾಲು ಮಡಿಸಿ ಜೋತುಬಿದ್ದ. ತುದಿಯ ಗೂಟ ವಾಲಿತು, ನಲವತ್ತು ಎಳೆ ಪಟಪಟನೆ ಹರಿದವು, ಕತ್ತೆ ನೆಲಕ್ಕೆ ಕೂತಿತು.

“ನೋಡ್ದಿರಾ, ತಡೀಲಿಲ್ಲ,” ಎಂದು ಅವನು ತೃಪ್ತಿಯಿಂದ ಎದ್ದು ಧೂಳು ಕೊಡವಿಕೊಂಡ.

ಹರಿದ ಎಳೆಯನ್ನು ಗಂಟು ಹಾಕಬಹುದು, ಒಣಗಿ ಅಂಟಿದ್ದನ್ನು ಬಿಡಿಸಲಾಗದು. ನಂಜಯ್ಯ ಗೂಟ ನೆಟ್ಟಗೆ ಮಾಡಿ ತಾನೇ ಕುಂಚ ಹಿಡಿದ. ಅಷ್ಟರಲ್ಲಿ ಚಿನ್ನಪ್ಪನ ಕೈಗೆ ಪುಸ್ತಕ ಸಿಕ್ಕಿತು. ಅಕ್ಷರ ಬರದಿದ್ದರೇನು, ರಟ್ಟಿನ ಮೇಲೆ ಚಿತ್ರವಿತ್ತು. ರಾಜಕುಮಾರಿ ಬಾವಿಕಟ್ಟೆಯ ಮೇಲೆ ಕೂತು ಅಳುತ್ತಿದ್ದಳು. ಕತ್ತೆ ಬದುಕಿದರೆ ಇವಳು ಏಕೆ ಅಳುತ್ತಾಳೆ ಎಂದು ಕೇಳಿದ. ಸಂತೋಷಕ್ಕೆ ಎಂದ ನಂಜಯ್ಯ.

“ಸಂತೋಸಕ್ಕೆ ಅಳೋಳು ಬಾಯಿ ಇಂಗೆ ತಿರುಗುಸ್ತಾಳಾ?” ಎಂದು ಚಿನ್ನಪ್ಪ ಚಿತ್ರವನ್ನು ಮನೆಮನೆಗೂ ತೋರಿಸಿಕೊಂಡು ಬಂದ. ಬಾಯಿ ತಿರುಗಿದ್ದನ್ನು ಎಲ್ಲರೂ ಒಪ್ಪಿದರು. ಮೂರನೇ ಕಿವಿ ಇಲ್ಲಿದ್ದಿದ್ದರೆ ಇಷ್ಟು ಹೊತ್ತಿಗೆ ಮಡಿಸಿಕೊಳ್ಳುತ್ತಿತ್ತು ಎಂದು ಯಾರೋ ಗೊಣಗಿದರು. ದೇವಿಯ ಮುಂದೆ ಸುಳ್ಳು ಒಪ್ಪಿಸಲಾಗದು, ಇನ್ನೊಬ್ಬರು ಓದಲಿ ಎಂದು ಸೊಣ್ಣಮ್ಮ ತೀರ್ಪು ಕೊಟ್ಟಳು.

ಇನ್ನೊಬ್ಬರು ಎಲ್ಲಿದ್ದಾರೆ ಎಂದು ನಂಜಯ್ಯ ಧೈರ್ಯವಾಗಿದ್ದ. ಆದರೆ ಆಪತ್ತು ಬರುವಾಗ ಬಸ್ಸು ಹತ್ತಿಕೊಂಡೇ ಬರುತ್ತದೆ. ಚಿನ್ನಪ್ಪನ ಅಕ್ಕನ ಮಗಳು ಮಾಲತಿ, ಬೆಂಗಳೂರಿನ ಶಾಲೆಯಲ್ಲಿ ಕನ್ನಡದ ಮೇಡಂ, ಬೆಳಗ್ಗೆ ಅಣ್ಣಾಮಲೈಯ ಅದೇ ಬಸ್ಸಿನಲ್ಲಿ ಬಂದಿಳಿದು ಅವನ ಮನೆಯೊಳಗೆ ಮಲಗಿದ್ದಳು. ತೊಪ್ಪೂರು ಘಾಟಿಯ ತಿರುವಿನಲ್ಲಿ ಹೊಟ್ಟೆ ತೊಳೆಸಿ ಸುಸ್ತಾಗಿದ್ದವಳನ್ನು ಎಬ್ಬಿಸಿ ತಂದು, ಜಗಲಿಯಲ್ಲಿ ಕೂರಿಸಿ, ಕೈಗೆ ಪುಸ್ತಕ ಕೊಟ್ಟರು.

ಮಾಲತಿ ಮನಸ್ಸಿನಲ್ಲೇ ಓದಿಕೊಂಡಳು. ಇನ್ನು ಕತ್ತೆಯೂ ಸಾಯುತ್ತದೆ, ಸುಳ್ಳೂ ಬಯಲಾಗುತ್ತದೆ, ಪಾವೂ ಹೋಗುತ್ತದೆ ಎಂದು ನಂಜಯ್ಯ ಕುಂಚ ಕೆಳಗಿಟ್ಟ. ಅವಳ ತುಟಿ ಒಂದು ಸಲ ಅದುರಿತು. ತಲೆ ಎತ್ತಿ ನೋಡಿದಳು. ಮೊಣಕೈವರೆಗೆ ಗಂಜಿ ಮೆತ್ತಿಕೊಂಡ, ತಲೆ ನರೆತ ಅಷ್ಟೊಂದು ಜನ, ಒಂದು ಕತ್ತೆಯ ಸುದ್ದಿಗಾಗಿ ಕಣ್ಣು ಅಗಲಿಸಿಕೊಂಡು ನಿಂತಿದ್ದರು. ಎದುರಿಗೆ ಸೊಣ್ಣಮ್ಮ, ಪಕ್ಕದಲ್ಲಿ ಆರುತ್ತಿರುವ ಕಾಫಿ.

ಮಾಲತಿ ಪುಸ್ತಕ ಮುಚ್ಚಿದಳು. “ಬದುಕಿದೆ ಅಜ್ಜಿ. ದೊಡ್ಡ ಗರುಡ ಬಂದು ಎತ್ತಿಕೊಂಡು ಹೋಯಿತು ಅಂತ ಬರೆದಿದ್ದಾರೆ.”

ನಂಜಯ್ಯನ ಬಾಯಿ ತೆರೆಯಿತು. ಆ ಪುಸ್ತಕದಲ್ಲಿ ಗರುಡ ಹಾಗಿರಲಿ, ಒಂದು ಗುಬ್ಬಚ್ಚಿಯೂ ಇರಲಿಲ್ಲ. ಆದರೆ ಅವಳದು ಸುಳ್ಳೆನ್ನಬೇಕಾದರೆ ನಿಜ ಹೇಳಬೇಕು, ನಿಜ ಹೇಳಿದರೆ ಸೂತಕ. ತೆರೆದ ಬಾಯಿಯನ್ನು ಹಾಗೇ ಮುಚ್ಚಿದ.

ಗರುಡ ಎಷ್ಟು ತೂಕ ಎತ್ತುತ್ತದೆಂದು ಯಾರಿಗೂ ತಿಳಿಯದ್ದರಿಂದ ಎಲ್ಲರೂ ನಂಬಿದರು. ಗರುಡವನ್ನು ಬಿಟ್ಟು ಪಾವು ಎಂದು ಓದಿದ್ದೇಕೆ ಎಂದು ನಂಜಯ್ಯನನ್ನು ತರಾಟೆಗೆ ತೆಗೆದುಕೊಂಡರು. ತನ್ನ ಪಾವಿನ ಹೆಸರು ಮೆರೆಸುವ ಆಸೆ ಎಂದು ಚಿನ್ನಪ್ಪ ವಿವರಿಸಿದ. ನಂಜಯ್ಯ ಎಲ್ಲವನ್ನೂ ಒಪ್ಪಿಕೊಂಡ. ಆಸೆ ಹೌದೆಂದ, ಕಣ್ಣು ಮಂಜೆಂದ, ತಪ್ಪಾಯಿತೆಂದ, ಕುಂಚ ಮಾತ್ರ ಎತ್ತಿಕೊಳ್ಳಿ ಎಂದ. ಗಂಜಿಯ ಪಸೆ ಇನ್ನೂ ಇತ್ತು. ಕಾಲು ಗಂಟೆ ಎಲ್ಲರೂ ಕೈ ಹಾಕಿದರೆ ಪಾವು ಉಳಿಯುತ್ತಿತ್ತು. ಎಲ್ಲರೂ ಬಾಗಿದರು, ಕುಂಚಗಳು ಸರಸರನೆ ಓಡಿದವು. ನಂಜಯ್ಯನ ಜೀವಕ್ಕೆ ಸಮಾಧಾನವಾಯಿತು. ಸುಳ್ಳನೆಂಬ ಹೆಸರು ಬಂದರೆ ಬರಲಿ, ಮಗ್ಗ ಉಳಿಯಿತಲ್ಲ.

ಸೊಣ್ಣಮ್ಮ ಆರಿದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದು ನಿಂತಳು.

“ಕಾಫಿ ನನ್ನ ಅರಕೆ,” ಎಂದಳು. “ಬೀದಿ ಎಸ್ರಲ್ಲಿ ಇನ್ನೊಂದು ಮಾಡ್ಕೊಂಡಿದ್ದೆ. ಕತ್ತೆ ಬದುಕ್ತು ಅಂತ ಕೇಳಿದ ಒಡನೇ, ಕೈಲಿ ಇಡಿದ ಕೆಲ್ಸ ಅಲ್ಲೇ ಬುಟ್ಟು, ಎಲ್ಲಾರೂ ಚೌಡಮ್ಮನ ಗುಡಿಗೆ ಓಗಿ ಪೊಂಗಲ್ ಇಕ್ಕಬೇಕು.”

“ಅಜ್ಜಿ, ಕಾಲು ಗಂಟೆ,” ಎಂದ ನಂಜಯ್ಯ.

“ಆ ಕತ್ತೆ ಒಂದು ತಿಂಗಳು ಬಾವೀಲಿತ್ತು. ನಿನ್ಗೆ ಕಾಲು ಗಂಟೆ ದೊಡ್ಡದಾಗೋಯ್ತಾ?”

ಕುಂಚಗಳು ಒಂದೊಂದಾಗಿ ನೆಲಕ್ಕಿಳಿದವು. ದೇವಿಯ ಮಾತಿಗೆ ಎದುರಾಡುವಂತಿಲ್ಲ. ಲಕ್ಷ್ಮಮ್ಮನೂ ಗಂಡನ ಮುಖ ನೋಡದೆ ಅಕ್ಕಿ ಅಳೆಯಲು ಒಳಗೆ ಹೋದಳು. ತಪ್ಪು ಓದಿದ ತಪ್ಪಿಗೆ ಪೊಂಗಲಿನ ಸೌದೆ ಹೊರುವ ಕೆಲಸ ನಂಜಯ್ಯನದೆಂದು ಚಿನ್ನಪ್ಪ ತೀರ್ಮಾನಿಸಿ, ತಾನೇ ಹೊರೆ ಎತ್ತಿ ಅವನ ತಲೆಯ ಮೇಲಿಟ್ಟ.

ಮೆರವಣಿಗೆ ಹೊರಟಿತು. ನಂಜಯ್ಯ ಒಂದೇ ಒಂದು ಸಲ ತಿರುಗಿ ನೋಡಿದ. ಬಿಸಿಲು ಬೀದಿಯುದ್ದಕ್ಕೂ ಇಳಿದಿತ್ತು, ಪಾವು ಅಲ್ಲಾಡದೆ ಹಪ್ಪಳದಂತೆ ಬಿರುಸಾಗಿ ನಿಂತಿತ್ತು. ಅವನಿಗೆ ಅಳು ಬಂತು. ಸೌದೆ ಹೊತ್ತ ಕೈಯಲ್ಲಿ ಕಣ್ಣೊರೆಸಿಕೊಳ್ಳಲಾಗಲಿಲ್ಲ.

ಮಾಲತಿ ಜನರ ನಡುವಿನಿಂದ ಹಿಂದುಳಿದು ಅವನ ಪಕ್ಕಕ್ಕೆ ಬಂದಳು. “ಮಾವ, ನಿಮ್ಮ ಹೆಸರು ಕೆಡಿಸಿಬಿಟ್ಟೆ. ಪುಸ್ತಕದಲ್ಲಿ ಗರುಡ ಇಲ್ಲ.”

“ಗೊತ್ತಮ್ಮ. ನಾನೂ ಓದಿವ್ನಿ.”

ಮುಂದಿನ ತಿಂಗಳ ಪುಸ್ತಕದಲ್ಲಿ ಕತ್ತೆ ಇರುವುದಿಲ್ಲವಲ್ಲ, ಆಗ ಏನು ಮಾಡುತ್ತೀರಿ ಎಂದು ಅವಳು ಕೇಳಿದಳು. ನಿಮ್ಮ ಗರುಡವನ್ನು ಎಲ್ಲಿ ಇಳಿಸಲಿ ಎಂದು ಅವನು ಕೇಳಿದ. ಅವಳಿಗೆ ಸಂಜೆಯ ಬಸ್ಸಿತ್ತು, ಅವನಿಗೆ ಅದೇ ಬೀದಿಯಿತ್ತು.

ಗುಡಿಯಲ್ಲಿ ಸೊಣ್ಣಮ್ಮ ಅರ್ಚನೆಗೆ ಕೊಟ್ಟಳು. ತಮಿಳು ಪೂಜಾರಿ ಕುಂಕುಮದ ತಟ್ಟೆ ಹಿಡಿದು ಯಾರ ಹೆಸರಿಗೆ ಎಂದು ಕೇಳಿದ. ಮೂರ್ಕಿವಿ ಎಂದು ಇಡೀ ಬೀದಿ ಒಂದೇ ಕೊರಳಲ್ಲಿ ಹೇಳಿತು. ಅಂಥ ಹೆಸರನ್ನು ಅವನು ಕೇಳಿರಲಿಲ್ಲವಾದರೂ ಕನ್ನಡದವರದು ಹಾಗೇ ಇರಬಹುದೆಂದು ಸುಮ್ಮನಾದ.

“ನಕ್ಷತ್ರಂ?” ಎಂದ.

ಇದನ್ನು ಯಾರೂ ಯೋಚಿಸಿರಲಿಲ್ಲ. ಎಲ್ಲರೂ ಮಾಲತಿಯ ಕಡೆ ತಿರುಗಿದರು. ಮಾಲತಿ ನಂಜಯ್ಯನ ಕಡೆ ನೋಡಿದಳು. ಅವನು ತಲೆಯ ಮೇಲಿನ ಸೌದೆಯ ಹೊರೆಯನ್ನು ಇನ್ನೂ ಇಳಿಸಿರಲಿಲ್ಲ.

“ಭರಣಿ,” ಎಂದ ನಂಜಯ್ಯ. ಅದು ಅವನದೇ ನಕ್ಷತ್ರ.