ಹನ್ನೆರಡು ಟೇಬಲಿನ ಇಂಗ್ಲಿಷ್ ಕ್ಲಾಸು

ನನ್ನ ಸೋದರಮಾವನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೂ ಮುಂಬಯಿ ಪಕ್ಕದ ಈ ಇಡೀ ಡೊಂಬಿವಲಿಯಲ್ಲಿ ಅವರಷ್ಟು ಚೆನ್ನಾಗಿ ಇಂಗ್ಲಿಷ್ ಸಾಹಿತ್ಯ ಕಲಿಸುವವರು ಇನ್ನೊಬ್ಬರಿಲ್ಲ ಎಂದು ಸ್ಟಾಂಪ್ ಪೇಪರಿನ ಮೇಲೆ ಬರೆದುಕೊಡಲು ನಾನು ಸಿದ್ಧ. ನಗಬೇಡಿ. ಮೊದಲು ನಾನೂ ನಕ್ಕವಳೇ!

ಮಾವ ಏಳನೆಯ ಕ್ಲಾಸಿನಲ್ಲಿ ಶಾಲೆಗೆ ಕೈಮುಗಿದು ಉಡುಪಿ ಕಡೆಯಿಂದ ಇತ್ತ ಬಂದವರು. ವಿಠ್ಠಲವಾಡಿ ಸ್ಟೇಷನ್ನಿನ ಹತ್ತಿರ ಹನ್ನೆರಡು ಟೇಬಲಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಮೊದಲು ಮಾಣಿ, ಕೊನೆಗೆ ಮ್ಯಾನೇಜರ್. ಮಾಣಿಯಾಗಿದ್ದಾಗ ಹನ್ನೆರಡು ಟೇಬಲಿನ ಆರ್ಡರನ್ನೂ ಚೀಟಿಯಿಲ್ಲದೆ ತಲೆಯಲ್ಲೇ ಹೊತ್ತುಕೊಂಡು ಹೋಗಿ ಅಡುಗೆಮನೆಗೆ ಒಂದೇ ಉಸಿರಿನಲ್ಲಿ ಕೂಗುತ್ತಿದ್ದರಂತೆ. ಆ ಹೋಟೆಲು ಮುಚ್ಚಿ ಈಗ ಅಲ್ಲಿ ಮೊಬೈಲ್ ಅಂಗಡಿಯಿದೆ. ಮಾವನ ತಲೆಯಲ್ಲಿ ಮಾತ್ರ ಟೇಬಲುಗಳು ಹಾಕಿದಲ್ಲೇ ಇವೆ, ಗಿರಾಕಿಗಳೂ ಎದ್ದುಹೋಗಿಲ್ಲ.

ಈ ಸಲ ನನ್ನ ಮಗಳು ಹತ್ತನೆಯ ಕ್ಲಾಸು. ಬೋರ್ಡಿಗೆ ಮೊದಲು ಶಾಲೆಯೇ ನಡೆಸುವ ಪ್ರಿಲಿಮ್ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಫೇಲಾಗಿ ಬಂದಳು. ಬೋರ್ಡ್ ಪರೀಕ್ಷೆಗೆ ಉಳಿದದ್ದು ಒಂದೇ ತಿಂಗಳು. ಅವಳನ್ನು ಮುಳುಗಿಸಿದ್ದು ಸಿಮಿಲಿ, ಮೆಟಫರ್, ಹೈಪರ್ಬೋಲಿ, ಐರನಿ ಎಂಬ ಅಲಂಕಾರಗಳ ಹೆಸರಿನ ದೊಡ್ಡ ಪಟ್ಟಿ. "ಮಮ್ಮೀ, ಕುಛ್ ಯಾದ್ ನಹೀ ರೆಹತಾ" ಎಂದು ತನ್ನ ಮುಂಬಯಿ ಹಿಂದಿಯಲ್ಲಿ ಗೈಡಿನ ಮೇಲೆ ತಲೆಯಿಟ್ಟು ಅತ್ತಳು. ಏನೂ ನೆನಪಿನಲ್ಲಿ ನಿಲ್ಲುವುದಿಲ್ಲವಂತೆ. ನಮ್ಮದೇ ಹೌಸಿಂಗ್ ಸೊಸೈಟಿಯ ಪಕ್ಕದ ವಿಂಗಿನಲ್ಲಿರುವ ಮಾವ ಆ ಹೊತ್ತಿಗೆ ಸರಿಯಾಗಿ ಕೊತ್ತಂಬರಿ ಸೊಪ್ಪು ಕೊಡಲು ಬಂದವರು ಗೈಡನ್ನೇ ಕೈಗೆತ್ತಿಕೊಂಡರು. ಹಿಡಿದದ್ದು ತಲೆಕೆಳಗಾಗಿ.

"ಎಷ್ಟು ಹೆಸರುಂಟು ಇದರಲ್ಲಿ?"

"ಹನ್ನೆರಡು" ಎಂದೆ ನಾನು.

"ಅಷ್ಟೆಯಾ? ನಮ್ಮಲ್ಲಿ ಟೇಬಲೂ ಅಷ್ಟೇ ಇದ್ದದ್ದು. ನೀನು ಒಂದೊಂದರ ಅರ್ಥ ಹೇಳ್ತಾ ಹೋಗು, ನಾನು ಕೂರಿಸ್ತಾ ಹೋಗ್ತೇನೆ."

ಹೀಗೆ ಶುರುವಾಯಿತು ಕ್ಲಾಸು. ನಾನು ಅರ್ಥ ಹೇಳುವುದು, ಮಾವ ಕಣ್ಣು ಮುಚ್ಚುವುದು, ತಲೆಯೊಳಗಿನ ಹೋಟೆಲಿಗೆ ಒಂದು ಸುತ್ತು ಹಾಕಿ ಬಂದು ಗಿರಾಕಿಯನ್ನು ಹಿಡಿದು ಕೊಡುವುದು. ಒಂದನೇ ಟೇಬಲಿನಲ್ಲಿ ರೈಲ್ವೆಯ ಒಬ್ಬ ಗುಮಾಸ್ತ. ಅವನಿಗೆ ಇಡ್ಲಿ ಇಟ್ಟಿಗೆಯ ಹಾಗೆ, ಚಹಾ ಗಟಾರದ ನೀರಿನ ಹಾಗೆ. ಅವನೇ ಸಿಮಿಲಿ. ಎರಡನೇ ಟೇಬಲಿನಲ್ಲಿ ಅವನ ಭಾವ. ಅವನಿಗೆ ಅಷ್ಟೂ ತಾಳ್ಮೆಯಿಲ್ಲ. "ಇದು ಇಡ್ಲಿಯಲ್ಲ, ಇಟ್ಟಿಗೆ" ಎಂದುಬಿಡುತ್ತಿದ್ದ. ಅವನು ಮೆಟಫರ್. ನನ್ನ ಕಾಲೇಜಿನ ಪ್ರೊಫೆಸರು ಈ ವ್ಯತ್ಯಾಸ ಹೇಳಲು ಒಂದು ವಾರ ತೆಗೆದುಕೊಂಡಿದ್ದರು, ಆಮೇಲೂ ನನಗೆ ಅರ್ಥವಾಗಿರಲಿಲ್ಲ! ಏಳನೇ ಟೇಬಲಿನವನು ಕೂತು ಎರಡು ನಿಮಿಷವಾಗುವಷ್ಟರಲ್ಲಿ "ಅರೇ, ಮೈ ಇಧರ್ ಬೈಠೇ ಬೈಠೇ ಬುಡ್ಢಾ ಹೋ ಗಯಾ", ಕೂತಲ್ಲೇ ಮುದುಕನಾದೆ, ಎಂದು ಕೂಗುವವನು. ಹೈಪರ್ಬೋಲಿಗೆ ಇನ್ನೇನು ಬೇಕು?

"ಐರನಿಗೆ ಗಿರಾಕಿ ಬೇಡ" ಎಂದರು ಮಾವ. "ನಮ್ಮ ಅಡುಗೆ ಭಟ್ರೇ ಸಾಕು. ದಿನಾ ಸಂಜೆ ಎದುರು ಗಾಡಿಗೆ ಹೋಗಿ ವಡಾಪಾವ್ ತಿಂದು ಬರ್ತಿದ್ರು."

ಮುಂದೆ ಆಗುವುದರ ಸುಳಿವನ್ನು ಮೊದಲೇ ಕೊಡುವುದು ಫೋರ್‌ಶಾಡೋಯಿಂಗ್ ಎಂದಾಗ ಮಾವನ ಮುಖ ಅರಳಿತು. ಒಂಬತ್ತನೇ ಟೇಬಲಿಗೆ ಒಂದು ಜೋಡಿ ಬರುತ್ತಿತ್ತಂತೆ. ಒಂದು ಮಸಾಲೆ ದೋಸೆ, ಎರಡು ಪ್ಲೇಟು. ಹುಡುಗಿ ದಿನಾ ಗೋಡೆಗೆ ಮುಖ ಮಾಡಿ ಕೂರುವವಳು ಒಂದು ದಿನ ಬಾಗಿಲಿಗೆ ಮುಖ ಮಾಡಿ ಕೂತಳು. ಮಾವ ಯಾರೂ ಕೇಳದೆಯೇ ಮೂರನೆಯ ಲೋಟ ನೀರು ತಂದಿಟ್ಟರು.

"ಅವಳ ಅಪ್ಪ ಬಂದರಾ?" ಎಂದೆ ನಾನು ಉಸಿರು ಬಿಗಿಹಿಡಿದು.

"ಅಪ್ಪ ಅಲ್ಲ, ಅಣ್ಣ. ಪಾಪ, ಬಾಯಾರಿಕೆ ಆಗಿತ್ತು ಅವನಿಗೆ. ನೀರು ಕುಡಿದೇ ಜಗಳ ಶುರು ಮಾಡಿದ."

ಎರಡು ವಾರದಲ್ಲಿ ಮಗಳಿಗೆ ಹನ್ನೊಂದು ಹೆಸರು ಬಾಯಿಗೆ ಬಂದವು. ನಾನು ಮಾವನಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು. ಇಂಗ್ಲಿಷ್ ಟೀಚರು ಕ್ಲಾಸ್ ಟೆಸ್ಟಿನ ಪೇಪರನ್ನು ನನ್ನ ಮುಂದಿಟ್ಟು, "ಇದೇನು?" ಎಂದು ಕೇಳಿದರು. ನೋಡಿದರೆ, ಕವಿತೆಯ ಸಾಲಿನಲ್ಲಿರುವ ಅಲಂಕಾರ ಯಾವುದು ಎಂಬ ಪ್ರಶ್ನೆಗೆ ನನ್ನ ಮಗಳು ಮುದ್ದಾದ ಅಕ್ಷರದಲ್ಲಿ ಬರೆದಿದ್ದಾಳೆ: 'ಟೇಬಲ್ ನಂಬರ್ ಸೆವೆನ್'. ಮುಂದಿನದಕ್ಕೆ 'ಟೇಬಲ್ ನಂಬರ್ ಟೂ'. ಎಲ್ಲವೂ ಸರಿಯಾದ ಟೇಬಲುಗಳೇ! ಆದರೆ ಅದನ್ನು ಟೀಚರಿಗೆ ಹೇಗೆ ಹೇಳಲಿ?

ಮಾವನಿಗೆ ಹೇಳಿದರೆ ಅವರು ನಗಲಿಲ್ಲ. ಮಗಳನ್ನು ಎದುರು ಕೂರಿಸಿಕೊಂಡು ಗಂಭೀರವಾಗಿ ಹೇಳಿದರು. "ನೋಡು ಮಗಾ, ಟೇಬಲ್ ನಂಬರ್ ನಮಗೆ ಮಾತ್ರ, ಒಳಗಿನ ಲೆಕ್ಕ ಅದು. ಗಿರಾಕಿ ಎದುರು ಇಡುವುದು ದೋಸೆ, ನಂಬರ್ ಅಲ್ಲ. ಟೀಚರ್ ಅಂದ್ರೆ ಗಿರಾಕಿ." ಮಗಳು ತಲೆಯಾಡಿಸಿದಳು. ಮುಂದಿನ ಟೆಸ್ಟಿನಲ್ಲಿ ಎಲ್ಲ ದೋಸೆಗಳೂ ಸರಿಯಾದ ಟೇಬಲಿಗೆ ಹೋದವು.

ಪರೀಕ್ಷೆಯ ಹಿಂದಿನ ಸಂಜೆ ಉಳಿದದ್ದು ಒಂದೇ, ಅಪಾಸ್ಟ್ರಫಿ. ನಮ್ಮ ನಡುವೆ ಇಲ್ಲದವರನ್ನು, ತೀರಿಹೋದವರನ್ನು, ಎದುರಿಗೇ ಇದ್ದಾರೆ ಎಂಬಂತೆ ಮಾತಾಡಿಸುವುದು ಎಂದು ಅರ್ಥ ಹೇಳಿದೆ. ಮಾವ ಕಣ್ಣು ಮುಚ್ಚಿದರು. ಬಹಳ ಹೊತ್ತಿನ ಮೇಲೆ ತೆರೆದರು.

"ಇಲ್ಲ ಮಗಾ. ಅಂಥವರು ನಮ್ಮ ಹೋಟೆಲಿಗೆ ಬರ್ಲಿಲ್ಲ. ಇಲ್ಲದವರ ಹತ್ರ ಯಾರು ಮಾತಾಡ್ತಾರೆ, ತಲೆ ಕೆಟ್ಟವರಾ? ಇದೊಂದನ್ನು ಗೈಡ್ ನೋಡಿ ಬಾಯಿಪಾಠ ಮಾಡು."

ಮಾವ ಸೋತದ್ದನ್ನು ನಾನು ಕಂಡದ್ದು ಅದೇ ಮೊದಲು. ಮಗಳ ಮುಖ ಬಾಡಿತು. ಬಾಯಿಪಾಠ ಮಾಡಿದ್ದು ಅವಳ ತಲೆಯಲ್ಲಿ ನಿಲ್ಲುವುದಿಲ್ಲ ಎಂಬುದು ಮೂವರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅವಳನ್ನು ಮಾವನ ಕಾಲಿಗೆ ನಮಸ್ಕಾರ ಮಾಡಿಸಲು ಕರೆದುಕೊಂಡು ಹೋದೆ. ಬಾಗಿಲು ಎಂದಿನಂತೆ ತೆರೆದೇ ಇತ್ತು. ಅವರ ಹೆಂಡತಿ, ನನ್ನ ಅತ್ತೆ, ತೀರಿಹೋಗಿ ಎರಡು ವರ್ಷವಾಗಿದೆ, ಮಕ್ಕಳಿಲ್ಲ, ಮನೆಯಲ್ಲಿ ಅವರೊಬ್ಬರೇ. ಆದರೂ ಅಡುಗೆಮನೆಯಿಂದ ಮಾತು ಕೇಳಿಸಿತು. ಮಾವ ನಮಗೆ ಬೆನ್ನು ಹಾಕಿ ಎರಡು ಲೋಟಕ್ಕೆ ಕಾಫಿ ಬಗ್ಗಿಸುತ್ತಿದ್ದರು.

"ಇವತ್ತು ಹುಡುಗಿಗೆ ಇಂಗ್ಲಿಷ್ ಪೇಪರ್ ಮಾರಾಯ್ತಿ. ಹನ್ನೊಂದು ಗಂಟೆಗೆ ಶುರು. ಹೆದರಿದ್ದಾಳೆ ಪಾಪ. ಎಲ್ಲ ಕಲಿಸಿದೆ ನೋಡು, ಅದೊಂದು ಮಾತ್ರ ನನ್ನಿಂದ ಆಗ್ಲಿಲ್ಲ. ನೀನು ಸ್ವಲ್ಪ ನೋಡ್ಕೋ ಆಯ್ತಾ? ತಕೋ, ಸಕ್ಕರೆ ಕಮ್ಮಿ ಹಾಕಿದ್ದೇನೆ."

ಅವರೊಬ್ಬರನ್ನೇ ಬಿಟ್ಟೆವಲ್ಲ ಎಂದು ಈ ಎರಡು ವರ್ಷ ನಾನು ಅಂದುಕೊಂಡೇ ಇರಲಿಲ್ಲ. ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಆಮೇಲೆ ಬಾಗಿಲು ತಟ್ಟಿ, ಒಳಗೆ ಹೋಗಿ, ಮಾವನ ಕಾಲಿಗೆ ಬಿದ್ದಳು. ಅತ್ತೆಯ ಫೋಟೋಕ್ಕೂ ಕೈಮುಗಿದಳು.

ಮಧ್ಯಾಹ್ನ ಪರೀಕ್ಷೆ ಮುಗಿಸಿದವಳು ನಮ್ಮ ಮನೆಗೆ ಬರಲಿಲ್ಲ, ನೇರ ಮಾವನ ಮನೆಗೆ ಹೋದಳು. ನಾನು ಅಲ್ಲೇ ಕಾಯುತ್ತಿದ್ದೆ. ಮಾವ ಅಳುಕುತ್ತಲೇ ಕೇಳಿದರು, "ಆ ಕೊನೆಯದ್ದು ಬಂತಾ ಮಗಾ? ಬಿಟ್ಟು ಬಂದ್ಯಾ?"

"ಆಯಾ ಥಾ ಅಜ್ಜಾ. ಪೂರಾ ಲಿಖಾ." ಬಂದಿತ್ತಂತೆ, ಪೂರ್ತಿ ಬರೆದಳಂತೆ.

"ಹೌದಾ? ಯಾರನ್ನು ಕೂರಿಸಿದೆ?"

ಅವಳು ಅವರ ಪಕ್ಕದಲ್ಲಿ ಕೂತು, ಏನೂ ವಿಶೇಷವಿಲ್ಲ ಎಂಬಂತೆ ಕೇಳಿದಳು, "ಅಜ್ಜಿ ಕ್ಯಾ ಬೋಲೀ ಪೇಪರ್ ಕೇ ಬಾರೇ ಮೇ?"

ಪೇಪರಿನ ಬಗ್ಗೆ ಅಜ್ಜಿ ಏನಂದರು! ಮಾವ ಅವಳ ಮುಖವನ್ನೇ ನೋಡಿದರು. ಅವರ ಕಣ್ಣು ತುಂಬಿತು. ಆದರೆ ನಾಚಿಕೊಳ್ಳಲಿಲ್ಲ.

"ಪಾಸಾಗ್ತಾಳೆ ಅಂದ್ಲು" ಎಂದರು.

ರಿಸಲ್ಟಿಗೆ ಇನ್ನೂ ಎರಡು ತಿಂಗಳಿದೆ. ನಮ್ಮಲ್ಲಿ ಯಾರೂ ಅದಕ್ಕೆ ಕಾಯುತ್ತಿಲ್ಲ.